ಸಹಾಯ ಬೇಕು: ಇಳಿಜಾರು ಹೊಲದ ಮೇಲ್ಮಣ್ಣು ಉಳಿಸಿಕೊಳ್ಳೋದು ಹೇಗೆ?

ನಾಗಮಂಗಲದ ಕಡೆ ನಮ್ಮದು ಕೆಂಪು ಮಣ್ಣಿನ ರಾಗಿ ಹೊಲ, ಸ್ವಲ್ಪ ಇಳಿಜಾರು. ಜೋರು ಮಳೆ ಬಂದರೆ ನೀರು ಕೊರಕಲು ಮಾಡದೆ, ಹೊಲದ ತುಂಬ ತೆಳ್ಳಗೆ ಹರಡಿಕೊಂಡು ಇಳಿಯುತ್ತದೆ. ಏನೂ ಆಗಿಲ್ಲ ಅನಿಸುತ್ತದೆ. ಆದರೆ ಮೇಲ್ಗಡೆ ಬರೀ ಸಣ್ಣ ಕಲ್ಲು ಎದ್ದು ಕಾಣುತ್ತಿದೆ, ಪೈರು ಗೇಣುದ್ದಕ್ಕೇ ನಿಂತುಬಿಟ್ಟಿದೆ.

ಕೆಳಗೆ ಇಳಿಜಾರು ಕಡಿಮೆ ಆಗುವಲ್ಲಿ ಮೊದಲು ದಪ್ಪ ಮರಳು ಕೂರುತ್ತದೆ, ಆಮೇಲೆ ಬದುವಿನ ಹತ್ತಿರ ನುಣ್ಣನೆ ಮಣ್ಣು. ಅದು ಒಣಗಿ ಹಪ್ಪಳದ ಹಾಗೆ ಬಿರಿಯುತ್ತದೆ. ಗೊಬ್ಬರದ ಸಾರ ಜಾಸ್ತಿ ಹಿಡಿದಿರುವುದೇ ಆ ನುಣ್ಣನೆ ಮಣ್ಣು ಅಲ್ವಾ, ಅದೂ ನೀರಿನ ಜೊತೆ ಕೆರೆ ಸೇರುತ್ತಿದೆ. ತುಂಬಾ ಸಂಕಟ ಆಗುತ್ತದೆ.

ಇಳಿಜಾರಿಗೆ ಅಡ್ಡಲಾಗಿ ಉಳುತ್ತಿದ್ದೇವೆ, ಸಾಲುತ್ತಿಲ್ಲ. ಈಗ ಅಡ್ಡ ಬದುಗಳ ಮೇಲೆ ಲಾವಂಚ ನೆಡಬೇಕು ಅಂತಿದ್ದೇವೆ. ಮಂಡ್ಯ, ಮೈಸೂರು ಕಡೆ ನೆಟ್ಟವರಿದ್ದರೆ ದಯವಿಟ್ಟು ಹೇಳಿ: ಬದುವಿನಿಂದ ಬದುವಿಗೆ ಎಷ್ಟು ಅಂತರ ಬಿಟ್ಟಿರಿ? ಬೇಸಿಗೆಯಲ್ಲಿ ನೀರು ಕೊಡದೆ ಉಳಿಯಿತಾ? ಸಸಿ ಎಲ್ಲಿ ಸಿಗುತ್ತದೆ?