ಕ್ಯಾಮೆರಾ ನೋಡಿ ಯಾರಾದರೂ ಮಾತಾಡಿಸಿದರೆ ನೀವು ಏನು ಮಾಡ್ತೀರಿ?

ಶಿವಮೊಗ್ಗದವನು:

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಅಂತ ಮೈಸೂರಿಗೆ ಬಂದು ಎಂಟು ತಿಂಗಳಾಯಿತು. ಆಫೀಸಿನವರನ್ನು ಬಿಟ್ಟರೆ ಈ ಊರಲ್ಲಿ ಒಬ್ಬರೂ ಪರಿಚಯ ಇಲ್ಲ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5300 ತಗೊಂಡೆ, ಜೊತೆಗೆ ದೂರದ್ದನ್ನು ಹತ್ತಿರ ತೋರಿಸುವ 70-300 ಜೂಮ್ ಲೆನ್ಸ್. ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇನೆ.

ಹೋದ ವಾರ ಏರಿ ಮೇಲೆ ನಿಂತು ಹೆಜ್ಜಾರ್ಲೆ (ಪೆಲಿಕನ್) ಫೋಟೊ ತೆಗೆಯುತ್ತಿದ್ದೆ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು "ಯಾವ ಹಕ್ಕಿ ಅದು?" ಅಂದರು. ಹೆಸರು ಹೇಳಿದೆ. ಅವರು ಇನ್ನೂ ನಿಂತೇ ಇದ್ದರು. ಮುಂದೆ ಏನು ಮಾತಾಡಬೇಕು ಅಂತ ಹೊಳೆಯಲಿಲ್ಲ. ಲೆನ್ಸಿಗೆ ಕ್ಯಾಪ್ ಹಾಕಿ ಹೊರಟುಬಿಟ್ಟೆ. ರೂಮಿಗೆ ಬಂದ ಮೇಲೆ ತುಂಬಾ ಬೇಜಾರಾಯಿತು. ಈ ಎಂಟು ತಿಂಗಳಲ್ಲಿ ತಾವಾಗಿ ಬಂದು ಮಾತಾಡಿಸಿದವರು ಅವರೊಬ್ಬರೇ.

ಕ್ಯಾಮೆರಾದಿಂದ ನಿಮಗೆ ಯಾರಾದರೂ ಸ್ನೇಹಿತರಾಗಿದ್ದಾರಾ? ಹೇಗೆ ಶುರುವಾಯಿತು? ದಯವಿಟ್ಟು ಹೇಳಿ.

ಹನ್ನೆರಡು ಫ್ರೇಮ್:

ಆಗಿದ್ದಾರೆ. ಒಬ್ಬರ ಕಥೆಯನ್ನು ಪೂರ್ತಿ ಹೇಳುತ್ತೇನೆ, ನಾನೂ ಮೈಸೂರಿನವಳೇ.

ನನ್ನ ಹತ್ತಿರ ಇರುವುದು ಅಪ್ಪನ ಹಳೆ ಫಿಲ್ಮ್ ಕ್ಯಾಮೆರಾ, ಯಾಶಿಕಾ ಮ್ಯಾಟ್ 124ಜಿ. ಮುಂದೆ ಎರಡು ಲೆನ್ಸ್, ಮೇಲೊಂದು, ಕೆಳಗೊಂದು. ಫೋಟೊ ತೆಗೆಯುವುದು ಕೆಳಗಿನದು. ಮೇಲಿನದು ನಮಗೆ ನೋಡುವುದಕ್ಕೆ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಇದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಹೊಟ್ಟೆ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆರೆದು, ತಲೆ ತಗ್ಗಿಸಿ ಗಾಜಿನೊಳಗೆ ನೋಡಬೇಕು. ಆಗ ಎದುರಿಗಿದ್ದವರಿಗೆ ನಿಮ್ಮ ಮುಖ ಪೂರ್ತಿ ಕಾಣುತ್ತದೆ. ಜನ ಹತ್ತಿರ ಬರುವುದಕ್ಕೆ ಅದೂ ಒಂದು ಕಾರಣ ಅಂತ ನನಗೆ ಅನಿಸಿದೆ.

ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಒಬ್ಬ ಅಮ್ಮ ಕೂರುತ್ತಿದ್ದರು. ಕಾಕಡ, ಕನಕಾಂಬರ, ಮಧ್ಯೆ ಮರುಗ. ನಾನು ಗಾಜು ನೋಡುತ್ತಾ ನಿಂತಿದ್ದಾಗ ಅವರೇ ಕೇಳಿದರು, "ಡಬ್ಬದೊಳಗೆ ಏನು ಹುಡುಕ್ತಾ ಇದೀಯವ್ವ?" ನಾನು ಬಗ್ಗಿ ಕ್ಯಾಮೆರಾ ಅವರ ಮುಂದೆ ಹಿಡಿದೆ. ಎದುರಿನ ಅಂಗಡಿಯ ಕುಂಕುಮದ ರಾಶಿ ಗಾಜಿನಲ್ಲಿ ಚಿಕ್ಕದಾಗಿ ಮೂಡಿತ್ತು. ಈ ಗಾಜಿನಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಎಡಗಡೆಗೆ ಹೋಗುತ್ತಿದ್ದ ಹಮಾಲಿ ಅದರೊಳಗೆ ಬಲಗಡೆಗೆ ಹೋದ. ಅಮ್ಮ ತಲೆ ಎತ್ತಿ ಅವನನ್ನು ನೋಡಿದರು, ಮತ್ತೆ ಗಾಜು ನೋಡಿದರು. ಪಕ್ಕದ ಹೂವಿನವರನ್ನೂ ಕರೆದು ತೋರಿಸಿದರು. ಆ ದಿನ ಫೋಟೊಕ್ಕಿಂತ ಮಾತೇ ಜಾಸ್ತಿ ಆಯಿತು.

ಅವರನ್ನು ಕೇಳಿಯೇ ಒಂದು ಚಿತ್ರ ತೆಗೆದೆ. ಸಾಲಿನಲ್ಲಿ ಬೆಳಕು ಕಡಿಮೆ, ಶಟರ್ 1/30ರಲ್ಲಿ ಇಟ್ಟಿದ್ದೆ, ಅಂದರೆ ಸೆಕೆಂಡಿನ ಮೂವತ್ತನೇ ಒಂದು ಭಾಗ ತೆರೆದಿರುತ್ತದೆ, ಅಷ್ಟರಲ್ಲಿ ಅಲುಗಿದ್ದು ಕದಡುತ್ತದೆ. ಪ್ರಿಂಟ್ ಹಾಕಿಸಿ ಎರಡು ವಾರ ಬಿಟ್ಟು ತಗೊಂಡು ಹೋದೆ. ಮುಖ ಚೆನ್ನಾಗಿ ಬಂದಿತ್ತು. ಹೂ ಕಟ್ಟುವ ಬೆರಳು ಮಾತ್ರ ಹೊಗೆಯ ಹಾಗೆ ಕದಡಿತ್ತು. ನನಗೆ ಅದು ಬಹಳ ಇಷ್ಟವಾಗಿತ್ತು, ವೇಗ ಕಾಣುತ್ತದಲ್ವಾ. ಅಮ್ಮ ಸುಮಾರು ಹೊತ್ತು ನೋಡಿ ಹೇಳಿದರು, "ಕೈಯೇ ಇಲ್ವಲ್ಲವ್ವ."

ಸರಿ, ಇನ್ನೊಂದು ದಿನ ಬಿಸಿಲು ಬೀಳುವ ಹೊತ್ತು ನೋಡಿ ಹೋಗಿ 1/250ರಲ್ಲಿ ತೆಗೆದೆ. ಒಂದೊಂದು ಬೆರಳೂ ಸ್ಪಷ್ಟ. ಅದನ್ನೂ ನೋಡಿದರು. "ಈಗ ಕಟ್ತಾನೇ ಇಲ್ಲ, ಸುಮ್ನೆ ಕೂತಂಗೈತೆ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ನಿಂತ ಕೈ ಅವರದಾಗಿರಲಿಲ್ಲ. ಮೂರನೇ ಸಲ 1/60. ಅಷ್ಟು ಹೊತ್ತಿಗೆ ಅವರು ನನಗೆ ಪಕ್ಕದಲ್ಲಿ ಗೋಣಿಚೀಲ ಹಾಸಿ ಕೂರಿಸಿದ್ದರು. ಬಾಳೆ ನಾರು ನೀರಿನಲ್ಲಿ ಅದ್ದಿ, ಎರಡು ಹೂ ಆ ಕಡೆ, ಎರಡು ಈ ಕಡೆ ಇಟ್ಟು ಗಂಟು ಹಾಕುವುದನ್ನು ಕಲಿಸಿದರು. ನನಗೆ ಒಂದು ಮೊಳ ಕಟ್ಟಲು ಅರ್ಧ ಗಂಟೆ ಬೇಕಾಯಿತು. ಆ ಹೊತ್ತಿಗೆ ಅವರದು ಒಂದು ಕುಕ್ಕೆ ಮುಗಿದಿತ್ತು.

ಇದು ಆರು ವರ್ಷದ ಹಿಂದಿನ ಮಾತು. ಈಗ ಅವರು ಮಾರ್ಕೆಟ್ಟಿಗೆ ಬರುವುದಿಲ್ಲ, ಮಂಡಿ ನೋವು. ಅಂಗಡಿ ಸೊಸೆ ನೋಡಿಕೊಳ್ಳುತ್ತಾಳೆ. ನಾನು ಮನೆಗೇ ಹೋಗುತ್ತೇನೆ, ಗೌರಿ ಹಬ್ಬಕ್ಕೆ ತಪ್ಪಿಸುವುದಿಲ್ಲ.

ನಿಮಗೆ ಹೇಳುವುದು ಇಷ್ಟೇ. ಫೋಟೊ ತೆಗೆದ ದಿನ ಪರಿಚಯ ಮಾತ್ರ ಆಗುತ್ತದೆ. ಪ್ರಿಂಟ್ ಹಿಡಿದು ವಾಪಸ್ ಹೋದ ದಿನ ಅವರು ನಿಮ್ಮ ಹೆಸರು ಕೇಳುತ್ತಾರೆ. ವಾಟ್ಸಾಪಿನಲ್ಲಿ ಕಳಿಸಿ ಮುಗಿಸಬೇಡಿ. ಕೆರೆಗೆ ಬರುವವರು ಹೆಚ್ಚಾಗಿ ಒಂದೇ ಹೊತ್ತಿಗೆ ಬರುತ್ತಾರೆ, ಅದೇ ಜಾಗದಲ್ಲಿ ಮತ್ತೆ ನಿಂತುಕೊಳ್ಳಿ. ಆ ಹಿರಿಯರು ಸಿಕ್ಕರೆ ಕ್ಯಾಮೆರಾ ಅವರ ಕೈಗೆ ಕೊಡಿ, ಪಟ್ಟಿ ಅವರ ಕುತ್ತಿಗೆಗೆ ನೀವೇ ಹಾಕಿ. ಮಾತು ಹುಡುಕುವ ಕೆಲಸವೇ ಇರುವುದಿಲ್ಲ.

ಮಲ್ಪೆ ದಕ್ಕೆ:

ಅಕ್ಕ ಹೇಳಿದ್ದು ನಿಜ. ಆದರೆ ಕೇಳದೆ ತೆಗೆದರೆ ಅದೇ ಕ್ಯಾಮೆರಾ ಜಗಳವನ್ನೂ ತರುತ್ತದೆ. ಮೊದಮೊದಲು ನಾನು ಬಂದರಿನಲ್ಲಿ ಮೀನು ಏಲಂ ಆಗುವಾಗ ದೂರದಿಂದ ಜೂಮ್ ಹಾಕಿ ತೆಗೆಯುತ್ತಿದ್ದೆ. ಒಬ್ಬ ಹೆಂಗಸು ನೋಡಿಬಿಟ್ಟರು. ಬಂಗುಡೆ ಬುಟ್ಟಿ ಅಲ್ಲೇ ಇಟ್ಟು ನೇರ ನನ್ನ ಹತ್ತಿರ ಬಂದು, ಅಷ್ಟೂ ಜನರ ಮುಂದೆ ಬೈದರು. ತಪ್ಪು ನನ್ನದೇ. ಅಳಿಸಿ, ಕ್ಷಮೆ ಕೇಳಿದೆ.

ಒಂದು ಉಪಾಯ: ಜನಕ್ಕೆ ಪುರುಸೊತ್ತಿರುವಾಗ ಹೋಗಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿರುತ್ತವೆ, ಜನ ಕೂತು ಬಲೆ ರಿಪೇರಿ ಮಾಡುತ್ತಿರುತ್ತಾರೆ. ಆಗ ಮಾತೇ ಮಾತು. ನನ್ನ ಇಬ್ಬರು ಗೆಳೆಯರು ಸಿಕ್ಕಿದ್ದು ಅಂಥ ಒಂದು ಮಳೆ ಮಧ್ಯಾಹ್ನ, ಟಾರ್ಪಾಲಿನ ಕೆಳಗೆ.

ಮದ್ದೂರು ಕಡೆಯವ:

ಹೆಜ್ಜಾರ್ಲೆ ಅಂದಿರಲ್ಲ, ಒಮ್ಮೆ ಕೊಕ್ಕರೆ ಬೆಳ್ಳೂರಿಗೆ ಬನ್ನಿ. ರುದ್ರಾಕ್ಷಿಪುರದ ಹತ್ತಿರ ಮೈಸೂರು-ಬೆಂಗಳೂರು ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ಅಲ್ಲಿ ಹಕ್ಕಿಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಮರ ಯಾರದೋ ಹಿತ್ತಲಲ್ಲಿ ಇರುತ್ತದೆ, ಹಾಗಾಗಿ ಮನೆಯವರನ್ನು ಮಾತಾಡಿಸದೆ ಒಳ್ಳೆ ಫೋಟೊ ಸಿಗುವುದೇ ಇಲ್ಲ. ನಾನು ಬೀದಿಯಲ್ಲಿ ಕತ್ತೆತ್ತಿ ನಿಂತಿದ್ದಾಗ ಒಬ್ಬ ಅಜ್ಜಿ "ಅಲ್ಲಿಂದ ಏನು ಕಾಣ್ತದೆ, ಮೇಲೆ ಹತ್ತು" ಅಂತ ತಾರಸಿಗೆ ಕಳಿಸಿದರು. ಇಳಿದು ಬಂದಾಗ ಮಜ್ಜಿಗೆ ಇಟ್ಟುಕೊಂಡು ಕಾಯುತ್ತಿದ್ದರು.

ಶಿವಮೊಗ್ಗದವನು:

ಎರಡು ಭಾನುವಾರ ಆಯಿತು, ಬರೆಯುವುದು ತಡವಾಯಿತು. ಮೊದಲ ವಾರ ಆ ಹಿರಿಯರು ಬರಲಿಲ್ಲ. ನಿನ್ನೆ ಬಂದರು! ನನ್ನನ್ನು ಗುರುತು ಹಿಡಿದು, "ಅವತ್ತು ಏನೋ ಅವಸರ ಇತ್ತು ಅಲ್ವಾ ನಿಮಗೆ?" ಅಂದರು. ಪಟ್ಟಿ ಅವರ ಕುತ್ತಿಗೆಗೆ ಹಾಕಿದೆ. 300ಕ್ಕೆ ಜೂಮ್ ಮಾಡಿ ಕೊಟ್ಟೆ. ಅವರ ಕೈ ಸ್ವಲ್ಪ ನಡುಗುತ್ತಿತ್ತು, ನಾನು ಲೆನ್ಸಿನ ಕೆಳಗೆ ಕೈ ಕೊಟ್ಟು ಹಿಡಿದೆ. ಹೆಜ್ಜಾರ್ಲೆ ನಮ್ಮ ಕಡೆಗೇ ತಿರುಗಿತ್ತು. ಅವರು ಕಣ್ಣು ತೆಗೆಯದೆ ಹೇಳಿದರು, "ಕೊಕ್ಕಿನ ಮೇಲೆ ಸಾಲಾಗಿ ಚುಕ್ಕಿ ಇದೆಯಲ್ರೀ! ಮೂವತ್ತು ವರ್ಷದಿಂದ ಇಲ್ಲಿ ಓಡಾಡ್ತಿದ್ದೀನಿ, ಒಂದು ದಿನವೂ ಕಂಡಿರಲಿಲ್ಲ."

ಬಟನ್ ಅವರೇ ಒತ್ತಿದರು. ಚುಕ್ಕಿ ಚೆನ್ನಾಗಿ ಬಂದಿದೆ. ಆಮೇಲೆ ಗೇಟಿನ ಹತ್ತಿರ ಕಾಫಿ ಕುಡಿದೆವು, ದುಡ್ಡು ಕೊಡಲು ಬಿಡಲಿಲ್ಲ. ಮುಂದಿನ ವಾರ ಬರುತ್ತಾರೆ, ಅಷ್ಟರಲ್ಲಿ ಪ್ರಿಂಟ್ ಹಾಕಿಸಬೇಕು. 4×6 ಸಾಕಾ, 8×10 ಮಾಡಿಸಲಾ?

ಹನ್ನೆರಡು ಫ್ರೇಮ್:

8×10. ಮ್ಯಾಟ್ ಪೇಪರ್ (ಹೊಳಪಿಲ್ಲದ್ದು) ಕೇಳಿ. ಹಿಂದೆ ತಾರೀಖು ಬರೆಯಿರಿ. ಫೋಟೊ ತೆಗೆದವರು ಅನ್ನುವ ಕಡೆ ಅವರ ಹೆಸರು ಹಾಕಿ.