ಕೆಳಗಿನ ದವಡೆ ಹಲ್ಲು ಹುಳುಕಾಗಿದೆ: ರೂಟ್ ಕೆನಾಲೋ, ಕೀಳಿಸುವುದೋ?

ತುಂಗಾತೀರ:
ಅಮ್ಮನಿಗೆ 56 ವರ್ಷ, ಶುಗರ್‌ಗೆ ಮಾತ್ರೆ ತಗೋತಾರೆ. ಎಡಗಡೆ ಕೆಳಗಿನ ಮೊದಲ ದವಡೆ ಹಲ್ಲಿನ ಹಳೇ ಫಿಲ್ಲಿಂಗ್ ಬಿದ್ದುಹೋಗಿದೆ. ತಣ್ಣೀರು ತಾಗಿದರೆ ಎರಡು-ಮೂರು ನಿಮಿಷ ನೋವು ಇಳಿಯಲ್ಲ, ರಾತ್ರಿ ಮಲಗಿದಾಗ ಇನ್ನೂ ಜಾಸ್ತಿ. ಒಬ್ಬ ಡಾಕ್ಟರು ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು, ಬೇರಿನ ನಾಳ ತೊಳೆದು ತುಂಬೋದು) ಮಾಡಿ ಕ್ಯಾಪ್ ಹಾಕೋಣ ಅಂದರು, ಇನ್ನೊಬ್ಬರು ಕಿತ್ತು ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕೃತಕ ಹಲ್ಲು) ಅಂದರು. ಮತ್ತೆ ಫಿಲ್ಲಿಂಗ್ ಮಾಡಿಸಿದರೆ ಸಾಲದಾ?

ದಂತವೈದ್ಯೆ:
ಸಾಲದು. ತಣ್ಣನೆಯದು ತಾಗಿ ಜುಮ್ಮೆಂದು ಕೆಲವೇ ಸೆಕೆಂಡಿನಲ್ಲಿ ನಿಂತುಹೋದರೆ ಒಳಗಿನ ನರ ಚೇತರಿಸಿಕೊಳ್ಳುತ್ತದೆ, ಆಗ ಹುಳುಕು ತೆಗೆದು ತುಂಬಿದರೆ ಆಯಿತು. ನಿಮಿಷಗಟ್ಟಲೆ ಉಳಿದು, ಮಲಗಿದಾಗ ಹೆಚ್ಚುವ ನೋವು ಬೇರೆ. ಸಾಮಾನ್ಯವಾಗಿ ನರ ಮತ್ತೆ ಸರಿಹೋಗದಷ್ಟು ಕೆಟ್ಟಿದೆ ಎಂದೇ ಅರ್ಥ. ಅದರ ಮೇಲೆ ಸಿಮೆಂಟ್ ಮುಚ್ಚಿದರೆ ಒಳಗೇ ಕೊಳೆತು ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ಈ ನೋವಿಗೆ ಆಂಟಿಬಯಾಟಿಕ್ ನುಂಗಿಸಬೇಡಿ. ಊತ, ಜ್ವರ ಇಲ್ಲದಿದ್ದರೆ ಅದರಿಂದ ಏನೂ ಉಪಯೋಗವಿಲ್ಲ.

ಉಳಿಸುವುದೋ ಕೀಳುವುದೋ ಎಂಬುದನ್ನು ನೋವು ನೋಡಿ ತೀರ್ಮಾನಿಸಬಾರದು, ಗಟ್ಟಿ ಹಲ್ಲು ಎಷ್ಟು ಉಳಿದಿದೆ ಎಂದು ನೋಡಬೇಕು. ಹುಳುಕೆಲ್ಲ ಕೆರೆದ ಮೇಲೂ ವಸಡಿನ ಮೇಲ್ಗಡೆ ಸುತ್ತ ಸುಮಾರು 2 ಮಿ.ಮೀ. ಎತ್ತರದ ಗಟ್ಟಿ ಗೋಡೆ ಇರಬೇಕು. ಕ್ಯಾಪ್‌ಗೆ ಹಿಡಿತ ಸಿಗುವುದೇ ಅಲ್ಲಿ. ಬೇರು ಸೀಳಿದ್ದರೆ, ಹುಳುಕು ಬೇರು ಕವಲೊಡೆಯುವ ಜಾಗದವರೆಗೆ ಇಳಿದಿದ್ದರೆ ಕೀಳಿಸುವುದೇ ಸರಿ. ಎಕ್ಸ್‌ರೇಯಲ್ಲಿ ಇದು ಪೂರ್ತಿ ಕಾಣುವುದಿಲ್ಲ. "ಮೊದಲು ಹುಳುಕು ತೆಗೆದು ನೋಡಿ, ಆಮೇಲೆ ಹೇಳಿ" ಎಂದು ಡಾಕ್ಟರನ್ನು ಕೇಳಿ.

ಬೇರುಬಲ್ಲವ:
ರೂಟ್ ಕೆನಾಲ್ ಎಂದಾದರೆ ಕೆಲವು ವಿಷಯ ಗಮನಿಸಿ. ಈ ಹಲ್ಲಿಗೆ ಸಾಮಾನ್ಯವಾಗಿ ಮೂರು ನಾಳ, ಎಷ್ಟೋ ಜನರಿಗೆ ನಾಲ್ಕು. ಒಂದು ತಪ್ಪಿಹೋದರೂ ಸೋಂಕು ಅಲ್ಲೇ ಉಳಿದು ವರ್ಷಗಳ ನಂತರ ಮತ್ತೆ ಊದಿಕೊಳ್ಳುತ್ತದೆ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರಾ ಎಂದು ಮುಂಚೆಯೇ ಕೇಳಿ. ನಾಳ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್ ಗಂಟಲಿಗೆ ಇಳಿಯಬಾರದು, ಎಂಜಲು ಒಳಗೆ ಹೋಗಬಾರದು. ಎರಡಕ್ಕೂ ಅದೇ ತಡೆ. ಮುಗಿದ ಮೇಲಿನ ಎಕ್ಸ್‌ರೇಯಲ್ಲಿ ತುಂಬಿದ ಬಿಳಿ ಗೆರೆ ಬೇರಿನ ತುದಿಗಿಂತ 2 ಮಿ.ಮೀ.ಗೂ ಹೆಚ್ಚು ಹಿಂದೆ ನಿಂತಿರಬಾರದು, ತುದಿ ದಾಟಿರಲೂಬಾರದು.

ಹೆಚ್ಚಿನವರು ಎಡವುವುದು ಇದಾದ ಮೇಲೆಯೇ. ನೋವು ಹೋಯಿತೆಂದು ಕ್ಯಾಪ್ ಮುಂದೂಡುತ್ತಾರೆ. ತಾತ್ಕಾಲಿಕ ಸಿಮೆಂಟ್ ಕೆಲವೇ ವಾರಗಳಲ್ಲಿ ಸೋರುತ್ತದೆ, ಟೊಳ್ಳಾದ ಹಲ್ಲು ಒಂದು ಗಟ್ಟಿ ಚಕ್ಕುಲಿ ಕಡಿದರೂ ಬೇರಿನ ತನಕ ಸೀಳಬಹುದು. ಹಾಗೆ ಸೀಳಿದ ಹಲ್ಲನ್ನು ಉಳಿಸಲು ಆಗುವುದಿಲ್ಲ. ತಿಂಗಳೊಳಗೆ ಕ್ಯಾಪ್ ಹಾಕಿಸಿಬಿಡಿ.

ತುಂಗಾತೀರ:
ತುಂಬಾ ಉಪಯೋಗವಾಯಿತು. ಕೀಳಿಸಲೇಬೇಕಾದರೆ ಇಂಪ್ಲಾಂಟ್ ಬೇಕೇ ಬೇಕಾ? ಶುಗರ್ ಇರುವವರಿಗೆ ತೊಂದರೆಯಾ?

ದಂತವೈದ್ಯೆ:
ಜಾಗ ಖಾಲಿ ಬಿಟ್ಟರೆ ಮೇಲಿನ ಹಲ್ಲು ಕೆಳಗಿಳಿಯಬಹುದು, ಹಿಂದಿನದು ಮುಂದಕ್ಕೆ ವಾಲಬಹುದು. ಅಕ್ಕಪಕ್ಕದ ಹಲ್ಲುಗಳಿಗೆ ಆಗಲೇ ಕ್ಯಾಪ್ ಬೇಕಿದ್ದರೆ ಬ್ರಿಜ್ (ಆ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ, ಅವುಗಳ ಕ್ಯಾಪ್‌ಗೆ ಸೇರಿಸಿ ಕೂರಿಸುವ ಕೃತಕ ಹಲ್ಲು) ಒಳ್ಳೆಯದು. ಅವು ಆರೋಗ್ಯವಾಗಿದ್ದರೆ ಬ್ರಿಜ್‌ಗಾಗಿ ಉಜ್ಜಿಸಬೇಡಿ, ಇಂಪ್ಲಾಂಟೇ ವಾಸಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ನಿಧಾನ ಮಾಗುತ್ತದೆ, ಇಂಪ್ಲಾಂಟ್ ಮೂಳೆಗೆ ಕೂಡಿಕೊಳ್ಳದೆ ಹೋಗಬಹುದು. ಅದಕ್ಕೇ ಮೊದಲು ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ) ಪರೀಕ್ಷೆ ಮಾಡಿಸಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತಗೊಂಡಿದ್ದರೆ ಕೀಳಿಸುವ ಮುಂಚೆ ತಪ್ಪದೆ ಹೇಳಿ, ದವಡೆ ಮೂಳೆಗೆ ಅಪಾಯ ಇರುತ್ತದೆ.

ಖರ್ಚು ಭಾರವಾದರೆ ಹತ್ತಿರದ ದಂತ ಕಾಲೇಜಿಗೆ ಕರೆದುಕೊಂಡು ಹೋಗಿ. ಹಲವು ಸಲ ಓಡಾಡಬೇಕು, ಆದರೆ ಅಲ್ಲಿ ಅಧ್ಯಾಪಕರು ಹಂತ ಹಂತವಾಗಿ ಪರಿಶೀಲಿಸುತ್ತಾರೆ. ಚಿಕಿತ್ಸೆಯ ದಿನ ಅಮ್ಮ ತಿಂಡಿ, ಶುಗರ್ ಮಾತ್ರೆ ಎರಡನ್ನೂ ಎಂದಿನಂತೆ ತಗೊಂಡೇ ಬರಲಿ, ಹಸಿದು ಕೂತರೆ ಶುಗರ್ ಇಳಿಯುತ್ತದೆ.

ಬೇರುಬಲ್ಲವ:
ಅಲ್ಲಿಯವರೆಗೆ ಲವಂಗದ ಎಣ್ಣೆ ಹಚ್ಚುವುದಾದರೆ ಹತ್ತಿಯಲ್ಲಿ ಒಂದೇ ಹನಿ, ಅದೂ ಹಲ್ಲಿನ ಗುಳಿಗೆ ಮಾತ್ರ. ವಸಡಿಗೆ ತಾಗಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನಂತೂ ಹಲ್ಲಿನ ಪಕ್ಕ ಒತ್ತಿ ಇಡಬೇಡಿ, ವಸಡು ಬೆಂದು ಹುಣ್ಣಾಗುತ್ತದೆ.