ಮ್ರಿಯಾ ಒಂದೇ ಒಂದು ಯಾಕೆ ಇತ್ತು? ಮತ್ತೆ ಕಟ್ಟಲು ಆಗುತ್ತದಾ?

ಬೆಣ್ಣೆದೋಸೆ_ಊರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ದಿನಗಳಿಂದಲೂ ನನಗೆ ದೊಡ್ಡ ವಿಮಾನಗಳ ಹುಚ್ಚು. ಅದರಲ್ಲೂ ಆಂಟೊನೊವ್ ಎಎನ್-225 ಮ್ರಿಯಾ ಅಂದ್ರೆ ಪ್ರಾಣ. ಆರು ಇಂಜಿನ್, 32 ಚಕ್ರ, ರೆಕ್ಕೆಯ ಈ ತುದಿಯಿಂದ ಆ ತುದಿಗೆ 88 ಮೀಟರ್. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಕೀವ್ ಹತ್ತಿರದ ಹೊಸ್ಟೊಮೆಲ್ ವಿಮಾನ ನಿಲ್ದಾಣದಲ್ಲಿ ಯುದ್ಧಕ್ಕೆ ಸಿಕ್ಕಿ ಅದು ಸುಟ್ಟುಹೋಯಿತು. ಆ ಫೋಟೋ ನೋಡಿ ಆದ ಸಂಕಟ ಇವತ್ತಿಗೂ ಹೋಗಿಲ್ಲ. ಯುದ್ಧದಲ್ಲಿ ಜನರೇ ಸಾಯುತ್ತಿರುವಾಗ ಒಂದು ವಿಮಾನಕ್ಕೆ ಇಷ್ಟು ಬೇಜಾರಾ ಅಂತ ಮನೆಯಲ್ಲಿ ಕೇಳುತ್ತಾರೆ. ಆ ಮಾತು ಸರಿಯೇ. ಆದರೂ ಬೇಜಾರಾಗುತ್ತದೆ.

ನನ್ನ ಪ್ರಶ್ನೆ ಏನಂದ್ರೆ, ಇಷ್ಟು ಒಳ್ಳೆಯ ವಿಮಾನವನ್ನು ಒಂದೇ ಒಂದು ಕಟ್ಟಿ ಯಾಕೆ ನಿಲ್ಲಿಸಿದರು? ಎರಡನೆಯದು ಅರ್ಧ ಕಟ್ಟಿ ಇಟ್ಟಿದ್ದಾರೆ ಅಂತಾರೆ, ಅದನ್ನೇ ಮುಗಿಸಿದರೆ ಆಗುವುದಿಲ್ಲವಾ? ಅದು ಹೋದ ಮೇಲೆ ಈಗ ಜಗತ್ತಿನ ಅತಿ ದೊಡ್ಡ ವಿಮಾನ ಯಾವುದು ಅಂತ ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ರೆಕ್ಕೆ_ಲೆಕ್ಕ:

ಒಂದೇ ಕಟ್ಟಿದ್ದು ಯಾಕೆ ಅಂದ್ರೆ ಅದಕ್ಕೆ ಇದ್ದ ಕೆಲಸವೇ ಒಂದು. ಅಮೆರಿಕದ ಸ್ಪೇಸ್ ಶಟಲ್‌ಗೆ ಎದುರಾಗಿ ಸೋವಿಯತ್ ಒಕ್ಕೂಟ ಬುರಾನ್ ಅಂತ ಒಂದು ನೌಕೆ ಕಟ್ಟುತ್ತಿತ್ತು. ಅದನ್ನೂ, ಅದನ್ನು ಹಾರಿಸುವ ಎನರ್ಜಿಯಾ ರಾಕೆಟ್ಟಿನ ಭಾಗಗಳನ್ನೂ ಕಾರ್ಖಾನೆಯಿಂದ ಉಡಾವಣೆಯ ಜಾಗವಾದ ಬೈಕನೂರಿಗೆ ಸಾಗಿಸಬೇಕಿತ್ತು. ಅಷ್ಟು ಅಗಲದ ವಸ್ತು ರೈಲಿನಲ್ಲಿ ಹೋಗುವುದಿಲ್ಲ. ಮೊದಲು ಒಂದು ಹಳೆಯ ಬಾಂಬರ್ ವಿಮಾನವನ್ನೇ ಬದಲಾಯಿಸಿ ಅದರ ಬೆನ್ನ ಮೇಲೆ ಹೊರಿಸುತ್ತಿದ್ದರು, ಆದರೆ ಅದಕ್ಕೆ ಪೂರ್ತಿ ಬುರಾನ್ ಹೊರುವ ಶಕ್ತಿ ಇರಲಿಲ್ಲ, ಹಾಗಾಗಿ ಭಾಗ ಕಳಚಿ ಹಗುರ ಮಾಡಿ ಸಾಗಿಸಬೇಕಾಗಿತ್ತು.

ಆಗ ಆಂಟೊನೊವ್‌ನವರು ಮಾಡಿದ ಕೆಲಸ ನನಗೆ ಇವತ್ತಿಗೂ ಬೆರಗು. ಹೊಸದಾಗಿ ಎಲ್ಲ ಶುರು ಮಾಡಲಿಲ್ಲ. ಕೈಯಲ್ಲಿದ್ದ ಎಎನ್-124 ಸರಕು ವಿಮಾನವನ್ನೇ ತೆಗೆದುಕೊಂಡು ಉದ್ದ ಮಾಡಿದರು. ರೆಕ್ಕೆಯ ನಡುವೆ ಹೊಸ ಭಾಗ ಸೇರಿಸಿ ಅಗಲ ಮಾಡಿ, ನಾಲ್ಕರ ಜಾಗದಲ್ಲಿ ಆರು ಇಂಜಿನ್ ಕೂರಿಸಿದರು. ಹಿಂದಿನ ಬಾಗಿಲು ತೆಗೆದುಹಾಕಿ ತೂಕ ಉಳಿಸಿದರು. ಎಲ್ಲಕ್ಕಿಂತ ಮುಖ್ಯವಾದದ್ದು ಬಾಲ. ಬೆನ್ನ ಮೇಲೆ ಬುರಾನ್ ಇಟ್ಟರೆ ಅದರ ಹಿಂದೆ ಗಾಳಿ ಕಲಕಿಹೋಗುತ್ತದೆ, ನಡುವೆ ಒಂದೇ ಬಾಲ ಇದ್ದರೆ ಸರಿಯಾದ ಗಾಳಿಯೇ ಸಿಗುವುದಿಲ್ಲ. ಅದಕ್ಕೆ ಎರಡು ಬಾಲ ಮಾಡಿ ಎರಡು ಪಕ್ಕಕ್ಕೆ ಇಟ್ಟರು. ನೋಡಲು ವಿಚಿತ್ರ ಅನಿಸುವ ಆ ಎರಡು ಬಾಲ ಬಂದದ್ದು ಆ ಹೊರೆಯಿಂದ.

ಇನ್ನು ಕಾಲದ ವಿಷಯ. ಬುರಾನ್ ಬಾಹ್ಯಾಕಾಶಕ್ಕೆ ಹೋಗಿ ಬಂದದ್ದು 1988ರ ನವೆಂಬರ್ 15ಕ್ಕೆ, ಒಂದೇ ಸಲ, ಒಳಗೆ ಯಾರೂ ಇಲ್ಲದೆ. ಮ್ರಿಯಾ ಮೊದಲ ಸಲ ಹಾರಿದ್ದು ಅದೇ ವರ್ಷ ಡಿಸೆಂಬರ್ 21ಕ್ಕೆ. ಅಂದ್ರೆ ಹೊರುವ ವಿಮಾನ ಸಿದ್ಧವಾಗುವ ಮೊದಲೇ ನೌಕೆ ತನ್ನ ಏಕೈಕ ಯಾತ್ರೆ ಮುಗಿಸಿತ್ತು! 1989ರಲ್ಲಿ ಬುರಾನ್ ಹೊತ್ತುಕೊಂಡು ಪ್ಯಾರಿಸ್ ಏರ್ ಶೋಗೆ ಹೋಯಿತು. ಎರಡೇ ವರ್ಷದಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1994ರಿಂದ ವಿಮಾನವನ್ನು ಮೂಲೆಗೆ ನಿಲ್ಲಿಸಿ ಅದರ ಇಂಜಿನ್‌ಗಳನ್ನು ಬಿಚ್ಚಿ ಎಎನ್-124ಗಳಿಗೆ ಹಾಕಿದರು. ಕೆಲಸವೇ ಇಲ್ಲದ ವಿಮಾನಕ್ಕೆ ಜೊತೆ ಕಟ್ಟುವವರು ಯಾರು?

ಅದು ಮತ್ತೆ ಹಾರಿದ್ದು 2001ರಲ್ಲಿ, ಬಾಡಿಗೆಗೆ ಭಾರೀ ಸರಕು ಸಾಗಿಸುವ ವಿಮಾನವಾಗಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾಲ್ಕು ಯುದ್ಧ ಟ್ಯಾಂಕ್ ತುಂಬಿಕೊಂಡು 253 ಟನ್‌ಗೂ ಜಾಸ್ತಿ ಹೊತ್ತು ದಾಖಲೆ ಮಾಡಿತು. ಎಲ್ಲ ಸೇರಿ 640 ಟನ್ ತೂಕದೊಂದಿಗೆ ನೆಲ ಬಿಡಬಲ್ಲದಾಗಿತ್ತು. ಏರ್‌ಬಸ್‌ನ ದೊಡ್ಡ ಪ್ರಯಾಣಿಕ ವಿಮಾನ ಎ380ಕ್ಕೆ ಆ ಮಿತಿ 575 ಟನ್.

ಸ್ವಾನ್_ನದಿ_ಕನ್ನಡಿಗ:

ನಾನು ಪರ್ತ್‌ನಲ್ಲಿ ಇದ್ದೇನೆ. 2016ರ ಮೇ 15ಕ್ಕೆ ಮ್ರಿಯಾ ಇಲ್ಲಿಗೆ ಬಂದಿತ್ತು. ಜೆಕ್ ದೇಶದಿಂದ ನೂರು ಟನ್ ಮೀರಿದ ಒಂದು ಜನರೇಟರ್ ತಂದಿತ್ತು, ಇಲ್ಲಿನ ಒಂದು ಅಲ್ಯೂಮಿನಾ ಕಾರ್ಖಾನೆಗೆ. ಅವತ್ತು ಭಾನುವಾರ. ಊರಿಗೆ ಊರೇ ಏರ್‌ಪೋರ್ಟ್ ಕಡೆ ಹೊರಟಿತ್ತು ಅಂದ್ರೆ ಸುಳ್ಳಲ್ಲ, ರಸ್ತೆಗಳೆಲ್ಲ ಜಾಮ್. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಕಾರಿನ ಮೇಲೆ ಹತ್ತಿ ನಿಂತವರು, ವಿಮಾನದ ಗಂಧ ಗಾಳಿ ಗೊತ್ತಿಲ್ಲದ ವಯಸ್ಸಾದವರೂ ಬಂದಿದ್ದರು.

ಇಲ್ಲಿಗೆ ಬರುವ ಎರಡು ಮೂರು ದಿನ ಮೊದಲು ಅದು ಹೈದರಾಬಾದಿನ ಶಂಶಾಬಾದ್‌ನಲ್ಲಿ ಇಳಿದು ಹೋಗಿತ್ತು. ಭಾರತಕ್ಕೆ ಅದು ಮೊದಲ ಭೇಟಿ. ಕಲಬುರಗಿ, ರಾಯಚೂರು ಕಡೆಯವರು ಯಾರಾದರೂ ಹೋಗಿ ನೋಡಿದ್ದರೆ ದಯವಿಟ್ಟು ಬರೆಯಿರಿ, ನನಗೆ ಓದುವ ಆಸೆ.

ಹತ್ತಿರದಿಂದ ನೋಡಿದಾಗ ಮನಸ್ಸಿಗೆ ತಾಗಿದ್ದು ಅದರ ನಿಧಾನ. ಇಷ್ಟು ದೊಡ್ಡದಾದ್ದರಿಂದ ಅದು ಗಾಳಿಯಲ್ಲಿ ತೇಲುತ್ತಾ ನಿಂತೇಬಿಟ್ಟಿದೆ ಅನಿಸುತ್ತದೆ. ವೇಗ ಬೇರೆ ವಿಮಾನಗಳಷ್ಟೇ ಇರುತ್ತದೆ, ಕಣ್ಣು ಮೋಸ ಹೋಗುತ್ತದೆ. ಇಳಿದ ಮೇಲೆ ಮೂಗನ್ನು ಮೇಲಕ್ಕೆತ್ತಿ, ಮುಂದಿನ ಚಕ್ರಗಳನ್ನು ಮಡಿಸಿ ಮುಂಭಾಗವನ್ನು ನೆಲದ ಹತ್ತಿರಕ್ಕೆ ಬಗ್ಗಿಸುವ ಏರ್ಪಾಡು ಅದಕ್ಕೆ ಇತ್ತು. ದೊಡ್ಡದು ಅನ್ನುವುದಕ್ಕಿಂತ ಅದು ಬಗ್ಗುತ್ತದೆ ಅನ್ನುವುದೇ ನನಗೆ ಜಾಸ್ತಿ ಇಷ್ಟ.

ಗಪ್ಪಿ_ಪ್ರೇಮಿ:

"ಅತಿ ದೊಡ್ಡದು ಯಾವುದು" ಅನ್ನುವ ಪ್ರಶ್ನೆಗೆ ಬರುತ್ತೇನೆ. ಒಬ್ಬೊಬ್ಬರು ಒಂದೊಂದು ಹೇಳುವುದು ಯಾಕಂದ್ರೆ ಅಳತೆ ಬೇರೆ ಬೇರೆ.

ರೆಕ್ಕೆ ಲೆಕ್ಕಕ್ಕೆ ತೆಗೆದುಕೊಂಡರೆ ಅಮೆರಿಕದ ಮೊಹಾವೆಯಲ್ಲಿರುವ ಸ್ಟ್ರಾಟೊಲಾಂಚ್ ರಾಕ್, 117 ಮೀಟರ್. ಎರಡು ಒಡಲು, ಆರು ಇಂಜಿನ್, ಮೊದಲ ಹಾರಾಟ 2019ರ ಏಪ್ರಿಲ್ 13. ಅದಕ್ಕೆ ದುಡ್ಡು ಹಾಕಿದ ಪಾಲ್ ಅಲೆನ್ ಅದು ಹಾರುವುದನ್ನು ನೋಡಲಿಲ್ಲ, 2018ರಲ್ಲೇ ತೀರಿಕೊಂಡರು. ಬಾಡಿಗೆಗೆ ಸಿಗುವ ಸರಕು ವಿಮಾನಗಳಲ್ಲಿ ಹೊರುವ ತೂಕದ ಲೆಕ್ಕಕ್ಕೆ ಎಎನ್-124. ಜನ ಕೂರುವ ವಿಮಾನ ಅಂದ್ರೆ ಎ380.

ಒಳಗಿನ ಜಾಗ ಅಂತ ಬಂದರೆ ಕಥೆಯೇ ಬೇರೆ. ಮ್ರಿಯಾದ ಸರಕಿನ ಕೋಣೆ ಸುಮಾರು 1,300 ಘನ ಮೀಟರ್. ಏರ್‌ಬಸ್ ಬೆಲುಗಾ ಎಕ್ಸ್‌ಎಲ್ ವಿಮಾನದ್ದು 2,200ಕ್ಕೂ ಜಾಸ್ತಿ! ಆದರೆ ಮ್ರಿಯಾ 250 ಟನ್ ಹೊರುತ್ತಿದ್ದರೆ ಬೆಲುಗಾ ಎಕ್ಸ್‌ಎಲ್ ಹೊರುವುದು 51 ಟನ್ ಮಾತ್ರ. ಒಂದು ಭಾರಕ್ಕೆ ಹುಟ್ಟಿದ್ದು, ಇನ್ನೊಂದು ಗಾತ್ರಕ್ಕೆ. ಹುಲ್ಲಿನ ಗಾಡಿಗೂ ಕಲ್ಲಿನ ಗಾಡಿಗೂ ಇರುವ ವ್ಯತ್ಯಾಸ ಅನ್ನಿ. ಬೆಲುಗಾ ಸಾಗಿಸುವುದು ಏರ್‌ಬಸ್‌ನದೇ ವಿಮಾನಗಳ ರೆಕ್ಕೆಗಳನ್ನು. ಎ350ರ ಎರಡೂ ರೆಕ್ಕೆ ಒಟ್ಟಿಗೆ ಹೋಗಬೇಕು ಅನ್ನುವುದೇ ಎಕ್ಸ್‌ಎಲ್ ಹುಟ್ಟಲು ಕಾರಣ, ಹಳೆಯ ಬೆಲುಗಾದಲ್ಲಿ ಒಂದೇ ಹಿಡಿಯುತ್ತಿತ್ತು.

ಈ ಊದಿಕೊಂಡ ವಿಮಾನಗಳ ಅಜ್ಜಿ ಗಪ್ಪಿ. ಅದರ ಬಗ್ಗೆ ಹೇಳದೆ ಇರಲು ನನ್ನಿಂದ ಆಗುವುದಿಲ್ಲ. 1960ರ ಹೊತ್ತಿಗೆ ನಾಸಾಗೆ ರಾಕೆಟ್ಟಿನ ಹಂತಗಳನ್ನು ಕ್ಯಾಲಿಫೋರ್ನಿಯಾದಿಂದ ಫ್ಲೋರಿಡಾಕ್ಕೆ ಸಾಗಿಸುವುದೇ ತಲೆನೋವು. ದೋಣಿಯಲ್ಲಿ ಹೇರಿ ಪನಾಮಾ ಕಾಲುವೆ ಸುತ್ತಿ ಬರಬೇಕು, ವಾರಗಟ್ಟಲೆ ಹಿಡಿಯುತ್ತಿತ್ತು. ಜ್ಯಾಕ್ ಕಾನ್‌ರಾಯ್ ಅನ್ನುವ ಪೈಲಟ್ ಯಾರಿಗೂ ಬೇಡವಾಗಿದ್ದ ಬೋಯಿಂಗ್ 377 ಪ್ರಯಾಣಿಕ ವಿಮಾನವನ್ನು ತೆಗೆದುಕೊಂಡು, ಮೇಲಿನ ಭಾಗ ಕತ್ತರಿಸಿ, ದೊಡ್ಡ ಗುಮ್ಮಟ ಕೂರಿಸಿಯೇ ಬಿಟ್ಟರು. 1962ರ ಸೆಪ್ಟೆಂಬರ್ 19ಕ್ಕೆ ಅದು ಹಾರಿತು. ಅದರ ನಂತರ ಬಂದ ಸೂಪರ್ ಗಪ್ಪಿಗಳನ್ನು ಮುಂದೆ ಏರ್‌ಬಸ್‌ನವರೂ ತೆಗೆದುಕೊಂಡರು. ಬೋಯಿಂಗ್‌ಗೆ ಎದುರಾಳಿಯಾಗಿ ಬೆಳೆದ ಏರ್‌ಬಸ್ ತನ್ನ ವಿಮಾನದ ಭಾಗಗಳನ್ನು ವರ್ಷಗಟ್ಟಲೆ ಸಾಗಿಸಿದ್ದು ಹಳೆಯ ಬೋಯಿಂಗ್‌ಗಳಿಂದ ಹುಟ್ಟಿದ ವಿಮಾನದಲ್ಲಿ, ಗಮನಿಸಿ.

ಸೂಪರ್ ಗಪ್ಪಿಯಲ್ಲಿ ಒಂದು ದೊಡ್ಡ ತೊಡಕು ಇತ್ತು. ಸರಕು ತುಂಬಲು ಮೂಗು ಪೂರ್ತಿ ಪಕ್ಕಕ್ಕೆ ತೆರೆಯುತ್ತದೆ, ಕಾಕ್‌ಪಿಟ್ ಸಮೇತ. ಪ್ರತಿ ಸಲ ಪೈಲಟ್ ಕೈಯಿಂದ ರೆಕ್ಕೆ ಬಾಲಗಳಿಗೆ ಹೋಗುವ ಕೇಬಲ್ಲು ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು. ಬೆಲುಗಾದಲ್ಲಿ ಕಾಕ್‌ಪಿಟ್ಟನ್ನು ಕೆಳಕ್ಕೆ ಇಳಿಸಿ ಸರಕಿನ ಬಾಗಿಲನ್ನು ಅದರ ಮೇಲೆ ಇಟ್ಟರು. ಬಾಗಿಲು ಮೇಲಕ್ಕೆ ಎದ್ದರೂ ಕಾಕ್‌ಪಿಟ್ ಇದ್ದಲ್ಲೇ ಇರುತ್ತದೆ, ಒಂದು ವೈರನ್ನೂ ಬಿಚ್ಚಬೇಕಾಗಿಲ್ಲ. ಬೆಲುಗಾಕ್ಕೆ ತಿಮಿಂಗಿಲದ ಹಣೆಯಂತಹ ಆ ಮುಖ ಬಂದದ್ದೇ ಹೀಗೆ. ಚಂದಕ್ಕೆ ಅಂತ ಯಾರೂ ಸುಮ್ನೆ ಬಿಡಿಸಿದ್ದಲ್ಲ.

ಕೊನೆಯದಾಗಿ ಒಂದು ಖುಷಿಯ ಸುದ್ದಿ. ನಾಸಾ ಒಂದು ಸೂಪರ್ ಗಪ್ಪಿಯನ್ನು ಇಂದಿಗೂ ಇಟ್ಟುಕೊಂಡಿದೆ. ಚಂದ್ರಯಾತ್ರೆಗೆ ಕಟ್ಟಿದ ಒರಾಯನ್ ನೌಕೆಯನ್ನು 2019ರಲ್ಲಿ ಪರೀಕ್ಷೆಗಾಗಿ ಒಹಾಯೋಗೆ ಒಯ್ದದ್ದು ಅದೇ.

ಕಡಲತಡಿ:

ತೂಕದ ಮಾತು ಬಂತು ಅಂತ ಒಂದು ಸೇರಿಸುತ್ತೇನೆ. ಮ್ರಿಯಾ ಬರುವ ಮೊದಲು ಆ ದಾಖಲೆ ಇದ್ದದ್ದು ಸೋವಿಯತ್‌ನವರ ಕೆಎಂ ಅನ್ನುವ ಯಂತ್ರಕ್ಕೆ. ನೀರಿನ ಮೇಲೆ ಕೆಲವೇ ಮೀಟರ್ ಎತ್ತರದಲ್ಲಿ, ರೆಕ್ಕೆಯ ಕೆಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡದ ಮೇಲೆ ಓಡುವಂಥದ್ದು. ಅಮೆರಿಕದವರು ಉಪಗ್ರಹದ ಚಿತ್ರಗಳಲ್ಲಿ ನೋಡಿ ಗಾಬರಿಯಾಗಿ ಕ್ಯಾಸ್ಪಿಯನ್ ಸಮುದ್ರದ ರಾಕ್ಷಸ ಅಂತ ಕರೆದರು. ಅದು 1980ರಲ್ಲಿ ಮುಳುಗಿತು. ಅದೇ ಜಾತಿಯ ಲುನ್ ಅನ್ನುವ ಇನ್ನೊಂದು ಯಂತ್ರವನ್ನು 2020ರಲ್ಲಿ ರಷ್ಯಾದ ದಾಗಿಸ್ತಾನದ ದೆರ್ಬೆಂತ್ ತೀರಕ್ಕೆ ಎಳೆದು ತಂದಿದ್ದಾರೆ. ಹೆಗಲ ಮೇಲೆ ಎಂಟು ಜೆಟ್ ಇಂಜಿನ್. ಫೋಟೋ ಹುಡುಕಿ ನೋಡಿ, ಆಮೇಲೆ ನಿದ್ದೆ ಬರುವುದಿಲ್ಲ.

ಬೆಣ್ಣೆದೋಸೆ_ಊರು:

ಎಲ್ಲರಿಗೂ ಥ್ಯಾಂಕ್ಸ್, ಗಪ್ಪಿ ಬಾಗಿಲಿನ ವಿಷಯ ಗೊತ್ತೇ ಇರಲಿಲ್ಲ. ಮ್ರಿಯಾ ಮತ್ತೆ ಕಟ್ಟುವ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ. 2022ರಲ್ಲೇ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಕಟ್ಟುತ್ತೇವೆ ಅಂದಿದ್ದರು ಅಲ್ವಾ? ನನಗಂತೂ ಕಟ್ಟಲೇಬೇಕು ಅನಿಸುತ್ತದೆ.

ರೆಕ್ಕೆ_ಲೆಕ್ಕ:

ಅಂದಿದ್ದರು. ಆಂಟೊನೊವ್ ಸಂಸ್ಥೆಯೂ ಅದೇ ವರ್ಷ ನವೆಂಬರ್‌ನಲ್ಲಿ ವಿನ್ಯಾಸದ ಕೆಲಸ ಶುರುವಾಗಿದೆ, 50 ಕೋಟಿ ಯೂರೋಗೂ ಜಾಸ್ತಿ ಬೇಕಾಗುತ್ತದೆ ಅಂತ ಹೇಳಿತು. ಎರಡನೆಯ ವಿಮಾನದ ಒಡಲು ಕೀವ್‌ನಲ್ಲಿ ಇದ್ದದ್ದೂ ನಿಜ. ಆದರೆ ದುಡ್ಡೊಂದೇ ಅಡ್ಡಿ ಅಲ್ಲ. ಮೊದಲನೆಯದನ್ನು ಕಟ್ಟಿದ್ದು ಒಂದು ಊರಿನಲ್ಲಿ ಅಲ್ಲ, ಒಂದು ದೊಡ್ಡ ಒಕ್ಕೂಟದಲ್ಲಿ. ರೆಕ್ಕೆಗಳು ತಾಷ್ಕೆಂಟ್‌ನಲ್ಲಿ ತಯಾರಾಗಿ, ಎಎನ್-22 ಅನ್ನುವ ಇನ್ನೊಂದು ದೈತ್ಯ ವಿಮಾನದ ಬೆನ್ನ ಮೇಲೆ ಕೂತು ಕೀವ್‌ಗೆ ಬರುತ್ತಿದ್ದವು. ಇಂಜಿನ್ ಜಪೊರಿಷಿಯಾದ್ದು, ಆ ಊರು ಈಗ ಯುದ್ಧದ ಬಾಯಲ್ಲಿದೆ. ತಾಷ್ಕೆಂಟ್ ಇವತ್ತು ಬೇರೆಯೇ ದೇಶ. ಆ ಕೊಂಡಿಗಳನ್ನೆಲ್ಲ ಮತ್ತೆ ಜೋಡಿಸುವುದು ವಿಮಾನ ಕಟ್ಟುವುದಕ್ಕಿಂತ ಕಷ್ಟ.

ಮೇಲಾಗಿ ಹೊರೆ ಎಲ್ಲಿದೆ? ಮ್ರಿಯಾ ಮಾತ್ರ ಹೊರಬಲ್ಲ ಸರಕು ಸಿಗುತ್ತಿದ್ದದ್ದು ಅಪರೂಪ. ಗಪ್ಪಿ ಉಳಿದದ್ದು ಅದಕ್ಕೆ ಇನ್ನೊಂದು ಕೆಲಸ ಸಿಕ್ಕಿತು ಅಂತ. ಸ್ಟ್ರಾಟೊಲಾಂಚ್ ಮೂಲತಃ ರಾಕೆಟ್ ಹಾರಿಸಲು ಕಟ್ಟಿದ್ದು, ಈಗ ಶಬ್ದಕ್ಕಿಂತ ಐದು ಪಟ್ಟು ವೇಗದ ಪ್ರಯೋಗದ ವಿಮಾನಗಳನ್ನು ಬೀಳಿಸುತ್ತಾ ಬದುಕಿದೆ. ಹಳೆಯ ಬೆಲುಗಾಗಳನ್ನು ಹೊರಗಿನವರ ಸರಕಿಗೆ ಬಿಟ್ಟರು, 2022ರಲ್ಲಿ ಚೆನ್ನೈಗೂ ಕೋಲ್ಕತ್ತಾಗೂ ಬಂದು ಹೋದದ್ದು ಆಗಲೇ, ಆದರೆ ಅದಕ್ಕೆಂದು ಏರ್‌ಬಸ್ ಮಾಡಿದ್ದ ಸಾಗಣೆ ಸಂಸ್ಥೆ 2025ರ ಜನವರಿಯಲ್ಲಿ ಮುಚ್ಚಿತು. ಹೊರೆ ಇದ್ದರೆ ವಿಮಾನ ಇರುತ್ತದೆ. ನನ್ನ ಮಟ್ಟಿಗೆ ಆ ದುಡ್ಡು ಆ ದೇಶದ ಆಸ್ಪತ್ರೆ, ಮನೆಗಳಿಗೆ ಹೋಗಲಿ.

ಸ್ವಾನ್_ನದಿ_ಕನ್ನಡಿಗ:

ಅರ್ಧ ಒಪ್ಪುತ್ತೇನೆ. ಆದರೆ ಹೊರೆ ಇಲ್ಲ ಅನ್ನುವುದನ್ನು ಒಪ್ಪಲಾರೆ. ಗಾಳಿಯಂತ್ರದ ಅಲಗುಗಳು ವರ್ಷ ವರ್ಷಕ್ಕೆ ಉದ್ದವಾಗುತ್ತಿವೆ. 2010ರಲ್ಲಿ ಮ್ರಿಯಾ 42 ಮೀಟರ್ ಉದ್ದದ ಎರಡು ಅಲಗನ್ನು ಚೀನಾದಿಂದ ಡೆನ್ಮಾರ್ಕ್‌ಗೆ ಒಯ್ದಿತ್ತು, ಈಗಿನವು ನೂರು ಮೀಟರ್ ದಾಟುತ್ತಿವೆ. ಅವುಗಳಿಗೆಂದೇ ಅಮೆರಿಕದ ರೇಡಿಯಾ ಅನ್ನುವ ಕಂಪನಿ ವಿಂಡ್‌ರನ್ನರ್ ಅಂತ 108 ಮೀಟರ್ ಉದ್ದದ ವಿಮಾನದ ಯೋಜನೆ ಹಾಕಿದೆ. ಇನ್ನೂ ಕಾಗದದ ಮೇಲೆ ಇದೆ, ಆದರೆ ಕೇಳುವವರು ಇದ್ದಾರೆ ಅಂತ ಆಯಿತಲ್ಲ.

ಯಲಹಂಕ_ಮಹಡಿ:

ಇದೆಲ್ಲ ಓದಿ ಬೆಂಗಳೂರಿನಲ್ಲಿ ಏನು ನೋಡಬಹುದು ಅಂತ ಕೇಳುವವರಿಗೆ: 2022ರ ಅಕ್ಟೋಬರ್‌ನಿಂದ ಎಮಿರೇಟ್ಸ್‌ನ ಎ380 ದುಬೈನಿಂದ ದೇವನಹಳ್ಳಿಗೆ ಬರತೊಡಗಿತು. ಹೊರಡುವ ಮೊದಲು ಯಾವ ವಿಮಾನ ಹಾಕಿದ್ದಾರೆ ಅಂತ ಫೋನಿನ ಆ್ಯಪ್‌ನಲ್ಲಿ ನೋಡಿಕೊಳ್ಳಿ. ವಾಯುಪಡೆಯ ದೊಡ್ಡ ಸರಕು ವಿಮಾನ ಸಿ-17 ನೋಡಬೇಕಾದರೆ ಏರೋ ಇಂಡಿಯಾ ಸಮಯದಲ್ಲಿ ಯಲಹಂಕಕ್ಕೆ ಬನ್ನಿ. 2023ರ ಮಾರ್ಚ್‌ನಲ್ಲಿ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್‌ನ ಉಪಕರಣಗಳನ್ನು ಅಮೆರಿಕದಿಂದ ಬೆಂಗಳೂರಿಗೆ ತಂದದ್ದೂ ಅಮೆರಿಕ ವಾಯುಪಡೆಯ ಸಿ-17. ದಾವಣಗೆರೆಯವರು ಬರುವುದಾದರೆ ಮೊದಲೇ ಒಂದು ಮಾತು ಹಾಕಿ, ಜೊತೆಗೆ ಹೋಗೋಣ. ನನ್ನ ಹತ್ತಿರ ಒಳ್ಳೆಯ ದುರ್ಬೀನು ಇದೆ.